ಒಂದು ತಾಸಿನ ದಾರಿ

ನಾನು ಒಂದು ಚೀಲ. ಚಕ್ರದ ಮೇಲೆ ಉರುಳುತ್ತ ಹೋಗುವ ಈಗಿನ ಟ್ರಾಲಿಗಳ ಜಾತಿಯವನಲ್ಲ. ಎರಡು ಹಿಡಿಕೆ, ಒಂದು ಜಿಪ್ಪು, ಪಕ್ಕದಲ್ಲೊಂದು ಜೇಬು, ಅಷ್ಟೇ ನನ್ನ ಆಸ್ತಿ. ಬೆಳಗಾವಿಯ ಒಂದು ಗಲ್ಲಿಯಲ್ಲಿ ಗೌಸ್ ಮಾಸ್ತರ ಎಂಬ ಟೇಲರ್ ನನ್ನನ್ನು ಹೊಲಿದರು. ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಹಳೆಯ ಡೇರೆಯ ಬಟ್ಟೆ ನನ್ನ ಮೈ. ಅದು ಎಷ್ಟು ದಪ್ಪವೆಂದರೆ ಮಾಸ್ತರರ ಸೂಜಿಗಳು ಒಂದರ ಹಿಂದೊಂದು ಮುರಿದವು. "ಇನ್ನೊಮ್ಮೆ ಇಂಥಾ ಅರಬಿ ತಂದ್ರ ನಿನ್ನ ಹೊಲದಬಿಡ್ತೀನಿ ನೋಡ" ಎಂದು ಅವರು ಬಟ್ಟೆ ತಂದವನಿಗೆ ಬೈದರು. ಈ ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ಅದು. ಬೈಸಿಕೊಂಡವನು ಹಲ್ಲು ಕಿರಿಯುತ್ತ ನಿಂತಿದ್ದ. ಅವನೇ ನನ್ನ ಯಜಮಾನ, ಭೀಮಶಿ ಡ್ರೈವರ್.

ಭೀಮಶಿ ಓಡಿಸುತ್ತಿದ್ದದ್ದು ಬೆಳಗಾವಿ–ಮೈಸೂರು ಬಸ್ಸು. ಸಂಜೆ ಊರು ಬಿಟ್ಟರೆ ಧಾರವಾಡ, ಹುಬ್ಬಳ್ಳಿ, ಹಾವೇರಿ, ಹರಿಹರ, ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ ದಾಟಿ, ಬೆಳಕು ಹರಿದ ಮೇಲೆ ಮೈಸೂರು. ಅವನ ಲುಂಗಿ, ಟವೆಲ್, ಬುತ್ತಿ ಹೊತ್ತುಕೊಂಡು ನಾನು ಸೀಟಿನ ಹಿಂದೆ ಕೂರುತ್ತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವನ ಹಿಮ್ಮಡಿ ಮತ್ತು ಕ್ಲಚ್ಚು ಮಾತ್ರ. ಆದರೆ ದಾರಿಯೆಲ್ಲ ನನ್ನ ಬೆನ್ನಿಗೆ ಗೊತ್ತಿತ್ತು. ಬಿದ್ದ ಪೆಟ್ಟಿನ ಮೇಲೆ ಇದು ಇಂಥ ಊರು ಎಂದು ಗುರುತಿಸುತ್ತಿದ್ದೆ. ಅಷ್ಟು ತಿರುಗಿದ ಚೀಲ ಗಲ್ಲಿಯಲ್ಲಿ ಇನ್ನೊಂದಿರಲಿಲ್ಲ, ಹಾಗಾಗಿ ನನಗೆ ಸ್ವಲ್ಪ ಸೊಕ್ಕೂ ಇತ್ತು.

ಭೀಮಶಿಯ ಹೆಂಡತಿ ಸಾವಕ್ಕ. ಅವಳಿಗೆ ಬಸ್ಸು ಆಗುತ್ತಿರಲಿಲ್ಲ. ಮಿಠಾಯಿ ಅಂಗಡಿಯವನ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದ ಹಾಗೆ. ಬಸ್ ಸ್ಟ್ಯಾಂಡಿನ ವಾಸನೆಗೇ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ತಾಸಿನ ದಾರಿಯಾದರೆ ಹೇಗೋ ಹಲ್ಲು ಕಚ್ಚಿ ತಡೆಯುತ್ತಿದ್ದಳು. ಅದರಾಚೆ ಹೋದರೆ ವಾಂತಿ, ತಲೆಸುತ್ತು, ಕಡೆಗೆ ಎಚ್ಚರ ತಪ್ಪುವುದು. ರೈಲಿನಲ್ಲೂ ಅದೇ ಗತಿ, ಲೋಂಡಾ ಬರುವಷ್ಟರಲ್ಲಿ ಮಲಗಿಬಿಡುತ್ತಿದ್ದಳು. ಕಿವಿಯೊಳಗಿನ ದೋಷ, ಹುಟ್ಟಿನಿಂದ ಬಂದದ್ದು, ಮಾತ್ರೆಗೆ ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು. ಗಲ್ಲಿಯವರು ಚೇಷ್ಟೆ ಮಾಡಿದರೆ ಸಾವಕ್ಕನೂ ನಗುತ್ತಿದ್ದಳು. ಮಗಳು ದೂರ ಹೋಗುವವರೆಗೆ ಅದು ನಗುವ ಸಂಗತಿಯೇ ಆಗಿತ್ತು.

ಒಬ್ಬಳೇ ಮಗಳು ಶೈಲಾ. ನರ್ಸಿಂಗ್ ಓದಲು ಮೈಸೂರಿಗೆ ಹೋದಳು, ಅಲ್ಲೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ರೇಷ್ಮೆ ನೇಯುವ ಕಾರ್ಖಾನೆಯಲ್ಲಿದ್ದ ಮಾದೇಶ ಎಂಬ ಹುಡುಗನನ್ನು ಮೆಚ್ಚಿದಳು. ಮದುವೆ ಬೆಳಗಾವಿಯಲ್ಲೇ ಆಯಿತು. ಹುಡುಗನ ಮೇಲೆ ಸಾವಕ್ಕನಿಗೆ ಯಾವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ದಾರಿಯ ಮೇಲೆ.

ಅಲ್ಲಿಂದ ಮುಂದೆ ತಾಯಿ ಮಗಳ ನಡುವೆ ಓಡಾಡಿದವನು ನಾನು. ಹೋಗುವಾಗ ನನ್ನ ಹೊಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಉಂಡಿ, ಕೆಂಪು ಖಾರ. ಬರುವಾಗ ವೀಳ್ಯದೆಲೆ, ರಸಬಾಳೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ. ಭೀಮಶಿ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಸಾವಕ್ಕ ನನ್ನ ಜಿಪ್ಪು ತೆಗೆದು ಮೂಗು ಒಳಗಿಡುತ್ತಿದ್ದಳು.

"ಮನಿ ಹ್ಯಾಂಗೈತ್ರಿ ಶೈಲಾಂದು?"

"ಐತಿ, ಚಲೋ ಐತಿ."

"ಅಡಗಿ ಮನಿಗೆ ಬೆಳಕ ಬರ್ತೈತೇನ?"

"ಬರ್ತಿರಬೇಕ."

ಬಾಯಿ ಇದ್ದವನ ಮಾತು ಇಷ್ಟೇ. ನನಗೆ ಬಾಯಿ ಇದ್ದಿದ್ದರೆ ಹೇಳುತ್ತಿದ್ದೆ: ಅಡುಗೆಮನೆಗೆ ಪೂರ್ವದ ಕಿಟಕಿ ಇದೆ, ಕಿಟಕಿಯಲ್ಲಿ ಕೊತ್ತಂಬರಿ ಕುಂಡವಿದೆ, ನಿನ್ನ ಮಗಳು ನೀನು ಕಟ್ಟಿದ ಗಂಟನ್ನು ಕತ್ತರಿಸದೆ ನಿಧಾನವಾಗಿ ಬಿಚ್ಚುತ್ತಾಳೆ ಎಂದು. ನೂರು ಸಲ ನಾನು ನೋಡಿದ ಆ ಮನೆಯನ್ನು ಹೆತ್ತವಳು ಒಮ್ಮೆಯೂ ನೋಡಿರಲಿಲ್ಲ. ಇದು ನನಗೆ ಸರಿ ಕಾಣುತ್ತಿರಲಿಲ್ಲ.

ಶೈಲಾ ಮೊದಲ ಸಲ ಬಸುರಿಯಾದಾಗ ಏಳನೆಯ ತಿಂಗಳಲ್ಲಿ ಏನೋ ಎಡವಟ್ಟಾಗಿ ಆಸ್ಪತ್ರೆ ಸೇರಿದಳು. ಸಾವಕ್ಕ ಯಾರ ಮಾತೂ ಕೇಳದೆ ಗಂಡನ ಬಸ್ಸನ್ನೇ ಹತ್ತಿದಳು. ಹುಬ್ಬಳ್ಳಿಯವರೆಗೆ ಬಂದಳು. ಹಾವೇರಿಯ ಹೊತ್ತಿಗೆ ಕರೆದರೂ ಕಣ್ಣು ಬಿಡಲಿಲ್ಲ. ಭೀಮಶಿ ಬಸ್ಸನ್ನು ಆಸ್ಪತ್ರೆಯ ಮುಂದೆಯೇ ನಿಲ್ಲಿಸಿ, ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿದ. ಕೈಗೆ ಸಲೈನ್ ಹಚ್ಚಿದರು. ಬಸ್ಸಿನ ತುಂಬ ಜನ. ಬದಲಿ ಡ್ರೈವರ್ ಇಲ್ಲ. ಕಂಡಕ್ಟರನ ತಂಗಿ ಆ ಊರಿನವಳು, ಅವಳನ್ನು ಕಾವಲಿಗೆ ಕೂರಿಸಿ ಅವನು ಸ್ಟೀರಿಂಗ್ ಹಿಡಿದ. ಮೈಸೂರು ತಲುಪುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಶೈಲಾ ಅಪ್ಪನ ಹಿಂದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಪ್ಪನ ಕೈಯಲ್ಲಿ ನಾನಿದ್ದೆ, ನನ್ನೊಳಗೆ ಅವ್ವನ ಸೀರೆ ಇತ್ತು. ನನ್ನ ಬದುಕಿನಲ್ಲಿ ನನಗೆ ನಾಚಿಕೆಯಾದದ್ದು ಆ ಒಂದು ಸಲ.

ಸಾವಕ್ಕ ಈ ವಿಷಯವಾಗಿ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ಅವನನ್ನು ತಿನ್ನುತ್ತಿತ್ತು. ಮುಂದೆ ಅವನು ರಿಟೈರ್ ಆದ, ನಾನು ಮೊಳೆಗೆ ಬಿದ್ದೆ. ಜೋತುಬಿದ್ದಲ್ಲಿಂದ ಕಾಣುತ್ತಿದ್ದದ್ದು ಗಂಡ ಹೆಂಡಿರ ನಡುನೆತ್ತಿ ಮಾತ್ರ. ಎರಡೂ ಬೆಳ್ಳಗಾಗುತ್ತಿದ್ದವು.

ಆಗಲೇ ಬೆಳಗಾವಿಯಿಂದ ಮೈಸೂರಿಗೆ ವಿಮಾನ ಶುರುವಾದದ್ದು. ರೆಕ್ಕೆಗೆ ಫ್ಯಾನು ಇರುವ ಸಣ್ಣ ವಿಮಾನ, ವಾರದಲ್ಲಿ ಕೆಲವೇ ದಿನ. ಒಂದು ತಾಸು ಇಪ್ಪತ್ತು ನಿಮಿಷದಲ್ಲಿ ಮೈಸೂರು ಎಂದು ಶೈಲಾ ಫೋನಿನಲ್ಲಿ ಹೇಳಿದಾಗ ಭೀಮಶಿ ನಂಬಲೇ ಇಲ್ಲ.

"ಅಷ್ಟೊತ್ತಿಗೆ ನಾ ಕಿತ್ತೂರಾಗ ಚಾ ಕುಡಿದು ಈಗರೆ ಗಾಡಿ ಚಾಲೂ ಮಾಡಿರ್ತಿದ್ದೆ."

"ಮ್ಯಾಲ ಸೀದಾ ದಾರಿ ಅಪ್ಪಾ. ರಸ್ತಾದಾಗ ಐನೂರೈವತ್ತು ಕಿಲೋಮೀಟರ್ ಆದ್ರ ಆಕಾಶದಾಗ ನಾಕನೂರಾ ಅರವತ್ತರ ಸನೇಕ."

"ಉಳದದ್ದ ಎಲ್ಲಿ ಹೋತು?"

"ಅದು ಬರೇ ತಿರುವು ಅಪ್ಪಾ."

ಆ ತಿರುವುಗಳ ಮೇಲೆಯೇ ಸಂಸಾರ ನಡೆಸಿದವನು ಫೋನನ್ನು ಕೆಳಗಿಡಹೋದ. ಆದರೆ ಸಾವಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಶೈಲಾ ಮತ್ತೆ ಬಸುರಿ, ಇನ್ನು ಎರಡು ವಾರಕ್ಕೆ ದಿನ ತುಂಬುತ್ತಿತ್ತು. ತವರಿಗೆ ಬರುವ ಹಾಗಿಲ್ಲ, ಪ್ರಯಾಣ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. "ಒಂದ ತಾಸ ಅಂದ್ಯಾ? ಒಂದ ತಾಸ ನಾ ಹೆಂಗರೆ ತಡೀತೀನಿ. ಟಿಕೆಟ್ ಮಾಡಸು" ಎಂದಳು. ಅವಳ ದನಿ ಹಾಗೆ ಗಟ್ಟಿಯಾದದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು.

ಒಂದೇ ಟಿಕೆಟ್ಟು, ಗುರುವಾರದ್ದು ಸಿಕ್ಕಿತು. ಭೀಮಶಿ ಆಮೇಲೆ ಬಸ್ಸಿನಲ್ಲಿ ಬರುವುದೆಂದಾಯಿತು. ಆದರೆ ಗುರುವಾರ ದಕ್ಷಿಣ ದಿಕ್ಕಿಗೆ ಹೊರಡಬಾರದು, ಮೈಸೂರು ದಕ್ಷಿಣಕ್ಕೇ ಇರುವುದು. ಇದಕ್ಕೆ ಹಿರಿಯರು ಮಾಡಿಟ್ಟ ಉಪಾಯ ಪ್ರಸ್ಥಾನ. ಹೊರಡುವವರ ಒಂದು ವಸ್ತುವನ್ನು ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ಅದೇ ದಿಕ್ಕಿನ ಪರರ ಮನೆಯಲ್ಲಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ, ಮರುದಿನದ ದೋಷ ತಟ್ಟುವುದಿಲ್ಲ.

ಬುಧವಾರ ನನ್ನನ್ನು ಮೊಳೆಯಿಂದ ಇಳಿಸಿ ಒರೆಸಿದರು. ಅಂಟಿನುಂಡಿ, ಅಳ್ವಿ ಬೀಜ, ಬಾಣಂತಿ ಖಾರ, ಒಣಕೊಬ್ಬರಿ ಬಟ್ಟಲು, ಮೆತ್ತನೆಯ ಹಳೆ ಸೀರೆ ಎಲ್ಲ ತುಂಬಿದ ಮೇಲೆ ಸಾವಕ್ಕ ಯೋಚಿಸುತ್ತ ನಿಂತಳು.

"ಸೀರಿ ಇಟ್ರ ಸೀರಿ ಹೊಂಟಂಗಾತು. ನಾ ಹೊಂಟಂಗ ಹೆಂಗಾಗ್ತೈತಿ?" ಎಂದು ತನ್ನ ಪರ್ಸು ತೆಗೆದು ನನ್ನ ಜೇಬಿಗೆ ಹಾಕಿದಳು. ಅದರಲ್ಲಿ ಟಿಕೆಟ್ಟು ಮತ್ತು ಅವಳ ಆಧಾರ್ ಕಾರ್ಡು. "ಇದರಾಗ ನನ್ನ ಫೋಟೋ ಐತಿ. ಇದು ಹೊಂಟ್ರ ನಾನ ಹೊಂಟಂಗ."

ನನ್ನ ಹಿಡಿಕೆಗೆ ಅಕ್ಕಿ, ಅರಿಶಿನಕೊಂಬು, ಅಡಿಕೆಯ ಪುಟ್ಟ ಗಂಟು ಕಟ್ಟಿ, ಗಲ್ಲಿಯ ದಕ್ಷಿಣದ ಕೊನೆಗಿದ್ದ ಇಂದ್ರಾಬಾಯಿಯ ಮನೆಗೆ ಒಯ್ದಳು. ಇಂದ್ರಾಬಾಯಿ ಒಂಟಿ ಹೆಂಗಸು, ಸಾವಕ್ಕನ ಜೀವದ ಗೆಳತಿ. ನನಗೆ ಕುಂಕುಮ ಹಚ್ಚಿ ತನ್ನ ಮಂಚದ ಮೇಲೆಯೇ ಕೂರಿಸಿಕೊಂಡಳು. ಅಂಥ ಮರ್ಯಾದೆ ನನಗೆ ಬಸ್ಸಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಗುರುವಾರ ಬೆಳಗಾಗುತ್ತಲೇ ಬಾಗಿಲು ಬಡಿದ ಸದ್ದು. ಖಾನಾಪುರದಲ್ಲಿ ಇಂದ್ರಾಬಾಯಿಯ ಅಣ್ಣ ತೀರಿಕೊಂಡಿದ್ದ. ಕರೆಯಲು ಬಂದವರ ಜೀಪಿಗೆ ಅವಳು ಅಳುತ್ತಲೇ ಹತ್ತಿದಳು. ಅಂಥ ಹೊತ್ತಿನಲ್ಲಿ ಚೀಲ ಯಾರಿಗೆ ನೆನಪಾಗುತ್ತದೆ? ಹೊರಗಿನಿಂದ ಕೀಲಿ ಬಿತ್ತು. ಅವಳ ಫೋನು ನನ್ನ ಪಕ್ಕದಲ್ಲೇ ಉಳಿಯಿತು.

ಬಿಸಿಲೇರಿದ ಮೇಲೆ ಆ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಆಮೇಲೆ ಅಂಗಳದಲ್ಲಿ ಸಾವಕ್ಕನ ದನಿ ಕೇಳಿತು. ಮಾದೇಶ ಫೋನು ಮಾಡಿದ್ದ. ಶೈಲಾಳ ಬಿಪಿ ಏರಿಬಿಟ್ಟಿದೆ, ಇನ್ನು ಕಾಯುವ ಹಾಗಿಲ್ಲ, ಸಂಜೆಗೇ ಆಪರೇಷನ್. ಮಧ್ಯಾಹ್ನದ ವಿಮಾನ ಹತ್ತಿದರೆ ಸಾವಕ್ಕ ಅದಕ್ಕೆ ಮೊದಲು ತಲುಪುತ್ತಾಳೆ. ಹತ್ತಬೇಕಾದರೆ ಕಾರ್ಡು ಬೇಕು. ಕಾರ್ಡು ನನ್ನ ಜೇಬಿನಲ್ಲಿ, ನಾನು ಕೀಲಿಯೊಳಗೆ.

ಗಲ್ಲಿಯ ಮಂದಿ ಸೇರಿದರು. ಖಾನಾಪುರಕ್ಕೆ ಹೋಗಿ ಕೀಲಿಕೈ ತರುವಷ್ಟರಲ್ಲಿ ವಿಮಾನ ಹೋಗಿರುತ್ತದೆ ಎಂದರು. ನಾನು ಮಂಚದ ಮೇಲೆ ಕೂತು ಎಲ್ಲ ಕೇಳುತ್ತಿದ್ದೆ. ಕೈಕಾಲಿಲ್ಲದ ಜನ್ಮದ ಮೇಲೆ ನನಗೆ ಸಿಟ್ಟು ಬಂತು.

"ಒಡೀರಿ" ಎಂದಳು ಸಾವಕ್ಕ.

"ಮಂದಿ ಮನಿ ಕೀಲಿ ಅದು. ಸತ್ತ ಮನಿಗೆ ಹೋಗ್ಯಾಳ ಆಕಿ. ಇಂಥಾದ್ರಾಗ ಬಾಗಲಾ ಮುರಿಯೂದ..." ಎಂದು ಭೀಮಶಿ ಹಿಂಜರಿದ.

"ಹಾವೇರ್ಯಾಗ ನನ್ನ ಇಳಿಸಿ ಹೋದ್ರಿ. ಮಂದಿ ಗಾಡಿ ತುಂಬ ಕುಂತಿದ್ರು, ಹೋಗಬೇಕಿತ್ತು, ಹೋದ್ರಿ. ನಾ ಏನೂ ಅಂದಿಲ್ಲ. ಇವತ್ತ ಒಡೀರಿ."

ಚಪ್ಪಲಿಯ ಸದ್ದು ಮನೆಯತ್ತ ಓಡಿ, ತಿರುಗಿ ಬಂತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಭೀಮಶಿ ಮನೆಯಿಂದ ಹಳೆಯ ಜಾಕಿನ ರಾಡು ತಂದಿದ್ದ. "ರಿಟೈರ್ ಆದ ಮ್ಯಾಲ ಹೊಸಾ ಧಂದೆ ಹಿಡದಿ ಏನೋ ಭೀಮಶಿ" ಎಂದು ಗೌಸ್ ಮಾಸ್ತರರ ಮುದಿ ದನಿ ಕೇಳಿತು. ಹಾಗೆ ಅನ್ನುತ್ತಲೇ ಅವರು ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಬಾಗಿಲು ತೆರೆಯಿತು. ಸಾವಕ್ಕ ನನ್ನನ್ನು ಎದೆಗವಚಿಕೊಂಡು ಆಟೋ ಹತ್ತಿದಳು.

ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಭೀಮಶಿಯನ್ನು ತಡೆದರು. ಟಿಕೆಟ್ ಇಲ್ಲದವರು ಹೊರಗೇ ಇರಬೇಕು. ಅವನು ನನ್ನ ಜಿಪ್ಪನ್ನು ಸುಮ್ಮನೆ ಇನ್ನೊಮ್ಮೆ ಎಳೆದು, "ಮುಂದ ಕುಂದ್ರು, ಮುಂದ ಕುಲುಕೂದು ಕಡಿಮಿ ಇರ್ತೈತಿ" ಎಂದ. ಅವನಿಗೆ ಗೊತ್ತಿದ್ದದ್ದು ಬಸ್ಸಿನ ವಿದ್ಯೆ, ಅದನ್ನೇ ಕೊಟ್ಟ.

ಒಳಗೆ ಒಬ್ಬ ಅಧಿಕಾರಿ ಒಣಕೊಬ್ಬರಿ ಒಯ್ಯುವ ಹಾಗಿಲ್ಲ, ಅದರ ಎಣ್ಣೆಗೆ ಬೆಂಕಿ ಹತ್ತುತ್ತದೆ ಎಂದ. ಸಾವಕ್ಕ ವಾದ ಮಾಡಲಿಲ್ಲ. ಬಟ್ಟಲುಗಳನ್ನೆಲ್ಲ ಅವನ ಮೇಜಿನ ಮೇಲೆ ಸುರಿದು, "ಬೆಲ್ಲದ ಜೋಡಿ ತಿನ್ರಿ ಯಪ್ಪಾ, ಸುಮ್ನ ಚೆಲ್ಲಬ್ಯಾಡ್ರಿ" ಎಂದು ಓಡಿದಳು. ನನಗೂ ಹೊಟ್ಟೆ ಹಗುರಾಯಿತು.

ವಿಮಾನದಲ್ಲಿ ನನ್ನನ್ನು ಮುಂದಿನ ಸೀಟಿನ ಅಡಿಗೆ ತಳ್ಳಿದರು. ಅಲ್ಲಿಂದ ಕಾಣುತ್ತಿದ್ದದ್ದು ಸಾವಕ್ಕನ ಪಾದಗಳು ಮಾತ್ರ. ಫ್ಯಾನು ತಿರುಗಿದಾಗ ಅವಳ ಬೆರಳುಗಳು ಮಡಿಚಿಕೊಂಡವು. ನೆಲ ಬಿಟ್ಟಾಗ ಕಾಲುಂಗುರಗಳು ನನ್ನ ಮೈಗೆ ಒತ್ತಿದವು. ನಾನು ಅಭ್ಯಾಸದಂತೆ ಧಾರವಾಡದ ಪೆಟ್ಟಿಗೆ ಕಾದೆ, ಹುಬ್ಬಳ್ಳಿಗೆ ಕಾದೆ, ಏನೂ ಬರಲಿಲ್ಲ. ಕೆಳಗಿನ ಊರುಗಳಲ್ಲಿ ಒಂದೂ ನನ್ನನ್ನು ಮುಟ್ಟಲಿಲ್ಲ. ಮೇಲೆ ಸಾವಕ್ಕ ಗಗನಸಖಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು: "ಇನ್ನಾ ಎಷ್ಟೈತವಾ?" ಆ ಹುಡುಗಿ ಬೇಸರಿಸದೆ ಅವಳ ಕೈ ಹಿಡಿದು, "ಇನ್ನು ಸ್ವಲ್ಪವೇ ಆಂಟಿ" ಎನ್ನುತ್ತಿದ್ದಳು. ಒಂದು ತಾಸು ಸಾವಕ್ಕ ತಡೆದಳು. ಕೊನೆಯ ಇಪ್ಪತ್ತು ನಿಮಿಷ ಆಗಲಿಲ್ಲ. ಕಾಗದದ ಚೀಲದಲ್ಲಿ ಮುಖ ಹುದುಗಿಸಿಕೊಂಡಳು. ಆದರೆ ಎಚ್ಚರ ತಪ್ಪಲಿಲ್ಲ. ಚಕ್ರ ನೆಲಕ್ಕೆ ತಾಗಿದಾಗ ಅವಳ ಪಾದಗಳು ನೆಟ್ಟಗೆ ಊರಿಕೊಂಡವು.

ಮಂಡಕಳ್ಳಿಯ ನಿಲ್ದಾಣದ ಹೊರಗೆ ಮಾದೇಶ ಕಾಯುತ್ತಿದ್ದ. "ಬನ್ನಿ ಅತ್ತೆ, ಇನ್ನೂ ಒಳಗೆ ಕರ್ಕೊಂಡು ಹೋಗಿಲ್ಲ. ನೀವು ಬರ್ತೀರಾ ಬರ್ತೀರಾ ಅಂತ ಒಂದೇ ಸಮ ಕೇಳ್ತಾವ್ಳೆ" ಎಂದು ನನ್ನನ್ನು ಕಿತ್ತುಕೊಂಡು ಓಡಿದ. ಆಸ್ಪತ್ರೆಯ ಉದ್ದನೆಯ ದಾರಿಯಲ್ಲಿ ಚಕ್ರದ ಮಂಚ ಬರುತ್ತಿತ್ತು. ಮೇಲೆ ಶೈಲಾ. ಬೇರೆಯವರ ಮಂಚ ತಳ್ಳುತ್ತಿದ್ದವಳು ಇಂದು ತಾನೇ ಮಲಗಿದ್ದಳು. ಏನೇನು ಕೆಡಬಹುದೆಂದು ಅವಳಿಗೆಲ್ಲ ಗೊತ್ತು, ಅದಕ್ಕೇ ಹೆದರಿದ್ದಳು. ಸೀರೆಯ ಮೇಲೆ ಕಲೆ, ಕೆದರಿದ ಕೂದಲು, ಓಲಾಡುವ ಹೆಜ್ಜೆಯ ಸಾವಕ್ಕ ಮಂಚದ ಅಂಚು ಹಿಡಿದಳು.

"ಬಂದ್ಯಾ ಅವ್ವಾ?"

"ಬಂದೇನವಾ. ನೀ ಹೋಗಿ ಬಾ. ನಾ ಇಲ್ಲೇ ಇರ್ತೀನಿ."

ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಸಾವಕ್ಕ ನನ್ನ ಮೇಲೆ ತಲೆಯಿಟ್ಟು, ಬೆಂಚಿನ ಮೇಲೆ ಅತ್ತಳು. ಆ ನೀರೆಲ್ಲ ನನ್ನ ಬಟ್ಟೆಯೇ ಕುಡಿಯಿತು, ನನಗೆ ಬೇಸರವಾಗಲಿಲ್ಲ.

ಬೆಳಗಾವಿಯಲ್ಲಿ ಭೀಮಶಿ ಹೊಸ ಕೀಲಿ ತಂದು ಹಾಕಿ, ಇಂದ್ರಾಬಾಯಿ ಬರುವವರೆಗೆ ಅವಳ ಕಟ್ಟೆಯ ಮೇಲೆಯೇ ಕಾವಲು ಕೂತನಂತೆ. ಅವಳು ಬಂದು ಎಲ್ಲ ಕೇಳಿ, ಆ ದುಃಖದಲ್ಲೂ, "ಹಳೇದು ಹೆಂಗೂ ಜಂಗ ಹಿಡದಿತ್ತು ಬಿಡು. ಪೋರಿ ಚಂದ ಅದಾಳಲ್ಲಾ?" ಎಂದಳಂತೆ.

ಬಾಣಂತನ ಮುಗಿಯುತ್ತ ಬಂದಾಗ ಮಾದೇಶ ಮುಖ ಸಪ್ಪೆ ಮಾಡಿಕೊಂಡು ಬಂದ. ಜನ ಸಾಲುತ್ತಿಲ್ಲವೆಂದು ಆ ವಿಮಾನ ನಿಂತಿತ್ತು. ಸಾವಕ್ಕ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ತಲೆಗೆ ಕೈಹೊತ್ತು ಕೂತಳು. "ಬರೂದೇನೋ ಬಂದೆ. ಈಗ ಹೋಗೂದ ಹೆಂಗ?"

ಎರಡು ದಿನ ಬಿಟ್ಟು ಭೀಮಶಿ ಮತ್ತೆ ಬಸ್ಸಿನಲ್ಲಿ ಬಂದಿಳಿದ. ಮೊಮ್ಮಗಳನ್ನು ಎತ್ತಿ ಆಡಿಸಿ, ಉಂಡು, ಕೈ ಒರೆಸಿಕೊಳ್ಳುತ್ತ ಹೆಂಡತಿಗೆ ಹೇಳಿದ: "ನೀ ಒಂದ ತಾಸ ತಡೀತೀ ಹೌದಲ್ಲ? ತಾಸಿಗೊಮ್ಮೆ ಇಳಿಯೂನು."

ಹಾಗೇ ಹೊರಟೆವು. ಒಂದು ತಾಸು ಬಸ್ಸು, ಆಮೇಲೆ ಇಳಿದು ಬಿಡುವು. ಅವಳ ಮುಖಕ್ಕೆ ಬಣ್ಣ ಬಂದರೆ ಮತ್ತೊಂದು ಬಸ್ಸು, ಇಲ್ಲದಿದ್ದರೆ ಅವತ್ತಿಗೆ ಸಾಕು. ಹೊತ್ತಿಗೆ ಸರಿಯಾಗಿ ಗಾಡಿ ಬಿಡುವುದನ್ನೇ ಹೆಚ್ಚುಗಾರಿಕೆ ಮಾಡಿಕೊಂಡಿದ್ದ ಭೀಮಶಿ ಈಗ ಕಣ್ಣೆದುರಿಗೆ ಬಸ್ಸುಗಳನ್ನು ಹೋಗಗೊಟ್ಟು ಕೂರುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಅವನ ಹಳೆಯ ಚಹಾದಂಗಡಿ, ಅರಸೀಕೆರೆಯಲ್ಲಿ ಹಳೆಯ ಮೆಕ್ಯಾನಿಕ್, ಕಡೂರಿನಲ್ಲಿ ಒಬ್ಬ ಕಂಡಕ್ಟರನ ಮನೆ. ಎಲ್ಲರೂ "ಇವರೇನಾ ನಿಮ್ಮನೆಯವರು?" ಎಂದು ಎದ್ದು ನಿಂತರು. ಗಂಡ ಬದುಕಿದ ಜಾಗಗಳನ್ನು ಸಾವಕ್ಕ ಮೊದಲ ಸಲ ನೋಡಿದಳು. ಹಾವೇರಿಯಲ್ಲಿ ಆ ಆಸ್ಪತ್ರೆಯ ಮುಂದೆ ಭೀಮಶಿ ನಿಂತುಬಿಟ್ಟ. ಸಾವಕ್ಕ ಅವನ ತೋಳು ಹಿಡಿದು, "ನಡೀರಿ, ಎಲ್ಲಿಗರೆ ಹೋಗಿ ಮಜ್ಜಿಗಿ ಕುಡಿಯೂನು" ಎಂದಳು. ಬೆಳಗಾವಿ ಮುಟ್ಟಲು ನಾಲ್ಕು ದಿನ ಹಿಡಿಯಿತು.

ಮರುವರ್ಷ ಮೊಮ್ಮಗಳ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಅವರು ಹಾಗೆಯೇ ಬಂದರು. ತಾಸಿಗೊಂದು ಊರು, ಊರಿಗೊಂದು ಬಿಡುವು. ಅಷ್ಟರಲ್ಲಿ ನನ್ನ ಜಿಪ್ಪು ಹಲ್ಲು ಕಳೆದುಕೊಂಡಿತ್ತು, ಒಂದು ಹಿಡಿಕೆಯನ್ನು ದಾರದಿಂದ ಬಿಗಿದಿದ್ದರು. ಈಗ ಬೆಳಗಾವಿಯಿಂದ ಮೈಸೂರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಆ ದಾರಿಯಲ್ಲಿ ಒಂದು ರಾತ್ರಿ ಹೋದವನು ನಾನು, ಒಂದು ತಾಸು ಇಪ್ಪತ್ತು ನಿಮಿಷ ಹೋದವನೂ ನಾನೇ, ನಾಲ್ಕು ದಿನ ಹೋದವನೂ ನಾನೇ. ಹೋಗಲೇಬೇಕೆಂದು ಹೊರಟವರಿಗೆ ಮೂರೂ ದಾರಿಯೇ.

ಜಾವಳ ಮುಗಿಸಿ ಹಿರಿಯರಿಬ್ಬರೂ ಹೊರಟ ಬೆಳಗ್ಗೆ ಸಾವಕ್ಕ ನನ್ನೊಳಗೆ ಎರಡು ಸೀರೆ, ಒಂದು ಶಾಲು ಮಡಿಚಿಟ್ಟು, ಶೈಲಾಳ ಮಂಚದಡಿಗೆ ತಳ್ಳಿದಳು. ಮಗುವನ್ನು ಮುದ್ದಿಟ್ಟು ಮೆಟ್ಟಿಲಿಳಿದಳು. ಶೈಲಾ ಹಿಂದೆಯೇ ಓಡಿದಳು.

"ಅವ್ವಾ, ಚೀಲಾ ಮರತಿ."

"ಮರತಿಲ್ಲ. ಇಲ್ಲೇ ಇರಲಿ. ಪ್ರತಿ ಸಲ ಎಲ್ಲಿ ಹೊತಗೊಂಡ ಬರೂದು?"

ಶೈಲಾ ಒಳಗೆ ಬಂದಳು. ಬಗ್ಗಿ ನನ್ನನ್ನು ಹೊರಗೆಳೆದಳು. ಧೂಳಿರಲಿಲ್ಲ, ಆದರೂ ಸೆರಗಿನಿಂದ ಒರೆಸಿದಳು. ತನ್ನ ಬೀರುವಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿ, ಅವ್ವನ ಸೀರೆಗಳನ್ನು ಅಲ್ಲಿ ಜೋಡಿಸಿಟ್ಟಳು.